ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆ: ಪ್ಯಾರಾಥೈರಾಯ್ಡ್ ಪರೀಕ್ಷೆಯಿಂದ ಕಾರಣನಿರ್ಣಯ

ಚೆನ್ನೈ ನಗರದ ಉತ್ತರಭಾಗದಲ್ಲಿರುವ ಪೆರಂಬೂರು ರೈಲಿನೊಡನೆ ಬೆಳೆದ ಊರು. ಅಲ್ಲಿಯ ರೈಲ್ವೆ ಕಾರ್ಖಾನೆ ೧೮೫೬ರಷ್ಟು ಹಳೆಯದು. ೧೯೦೮ರಲ್ಲಿ ಮದರಾಸು ರೈಲ್ವೆಯೂ ಸದರನ್ ಮರಾಠಾ ರೈಲ್ವೆಯೂ ಒಂದುಗೂಡಿದಾಗ ಪೆರಂಬೂರು ಮತ್ತು ಹುಬ್ಬಳ್ಳಿಗಳ ಕಾರ್ಖಾನೆಗಳು ಒಂದೇ ಆಡಳಿತಕ್ಕೆ ಒಳಪಟ್ಟುವು. ೧೯೫೧ರಲ್ಲಿ ಮೈಸೂರು ರೈಲ್ವೆಯೂ ಸೇರಿ ದಕ್ಷಿಣ ರೈಲ್ವೆ ರೂಪುಗೊಂಡಿತು. ೧೯೫೫ರ ಅಕ್ಟೋಬರ್ ೨ರಂದು ಇಲ್ಲಿಯೇ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಪ್ರಾರಂಭವಾಯಿತು. ಕನ್ನಡ ನಾಡಿಗೂ ಪೆರಂಬೂರಿಗೂ ಇರುವ ನಂಟಿನಲ್ಲಿ ಈ ಹಳಿಗಳ ಪಾಲು ದೊಡ್ಡದು.

ಕುಲುಮೆಯ ಬಳಿಯಲ್ಲಿಯೂ ಸುಡುಬಿಸಿಲಿನಲ್ಲಿಯೂ ದುಡಿದು ಬೆವರು ಸುರಿಸುವವರಲ್ಲಿ ಮೂತ್ರವು ಸಾಂದ್ರವಾಗಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯ. ಆದುದರಿಂದ ಇಂತಹ ಊರಿನಲ್ಲಿ ಒಬ್ಬರಿಗೆ ಕಲ್ಲಿನ ಬೇನೆ ಬಂದರೆ ಅದನ್ನು ಹವೆಯ ದೋಷವೆಂದೋ ನೀರಿನ ದೋಷವೆಂದೋ ತಿಳಿದು ಸುಮ್ಮನಾಗುವುದು ಸಹಜ. ಅನೇಕ ಸಂದರ್ಭಗಳಲ್ಲಿ ಆ ಊಹೆ ಅಷ್ಟೇನೂ ತಪ್ಪಲ್ಲ. ಆದರೆ ಕಲ್ಲಿನ ರೋಗಿಗಳಲ್ಲಿ ಕೆಲವರ ಸ್ಥಿತಿ ಬೇರೆ. ಕಲ್ಲನ್ನು ಒಡೆದು ತೆಗೆದರೂ ಮತ್ತೆ ಕಟ್ಟುತ್ತದೆ. ಮೂಳೆಗಳು ನೋಯುತ್ತವೆ, ಅದು ವಯಸ್ಸಿನ ಲಕ್ಷಣವೆನಿಸುತ್ತದೆ. ಮಲಬದ್ಧತೆ, ಅತಿಯಾದ ಬಾಯಾರಿಕೆ, ಆಯಾಸ, ಮನಸ್ಸಿನ ಮಂಕು ಇವು ಒಂದೊಂದಾಗಿ ಬಂದು ಒಬ್ಬೊಬ್ಬ ವೈದ್ಯರ ಮುಂದೆ ಬೇರೆಬೇರೆ ದೂರುಗಳಾಗಿ ನಿಲ್ಲುತ್ತವೆ. ಇವೆಲ್ಲಕ್ಕೂ ಮೂಲವೊಂದೇ ಆಗಿರಬಹುದೆಂಬ ಸುಳಿವನ್ನು ಕೊಡುವುದು ರಕ್ತಪರೀಕ್ಷೆಯ ಪತ್ರದಲ್ಲಿಯ ಒಂದು ಸಣ್ಣ ಅಂಕಿ: ಕ್ಯಾಲ್ಸಿಯಂ. ಆ ಅಂಕಿ ಏರಿದೆಯೆಂದು ಕಂಡಾಗ ಅದರ ಕಾರಣವನ್ನು ಹೇಗೆ ನಿರ್ಣಯಿಸಬೇಕು, ಪ್ಯಾರಾಥೈರಾಯ್ಡ್ ಗ್ರಂಥಿಗಳ ಪರೀಕ್ಷೆ ಈ ನಿರ್ಣಯಕ್ಕೆ ಏಕೆ ಆಧಾರ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

೧. ದೇಹದಲ್ಲಿ ಕ್ಯಾಲ್ಸಿಯಂ

ವಯಸ್ಕ ಮನುಷ್ಯನ ದೇಹದಲ್ಲಿ ಸ್ಥೂಲವಾಗಿ ಒಂದು ಕಿಲೋಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ ಅಡಗಿದೆ. ಉಳಿದ ಅತ್ಯಲ್ಪ ಭಾಗವೇ ರಕ್ತದಲ್ಲಿಯೂ ಜೀವಕೋಶಗಳಲ್ಲಿಯೂ ಸಂಚರಿಸುತ್ತ ಸ್ನಾಯುಗಳ ಸಂಕೋಚನ, ನರಗಳ ಸಂವೇದನೆ, ರಕ್ತ ಹೆಪ್ಪುಗಟ್ಟುವುದು, ಹೃದಯದ ಬಡಿತ ಮುಂತಾದ ಕಾರ್ಯಗಳನ್ನು ನಡೆಸುತ್ತದೆ. ಮೂಳೆಯನ್ನು ಬೊಕ್ಕಸವೆಂದೂ ರಕ್ತವನ್ನು ದಿನದ ವಹಿವಾಟಿನ ಪೆಟ್ಟಿಗೆಯೆಂದೂ ಭಾವಿಸಿದರೆ ವಿಷಯ ಸುಲಭವಾಗುತ್ತದೆ. ಬೊಕ್ಕಸದಲ್ಲಿ ಎಷ್ಟೇ ಇರಲಿ, ಪೆಟ್ಟಿಗೆಯಲ್ಲಿರುವ ಮೊತ್ತ ಮಾತ್ರ ಹೆಚ್ಚು ಕಡಿಮೆಯಾಗಕೂಡದು. ನೂರು ಮಿಲಿಲೀಟರ್ ರಕ್ತರಸದಲ್ಲಿ ಸುಮಾರು ೮.೫ರಿಂದ ೧೦.೫ ಮಿಲಿಗ್ರಾಂ ಎಂಬುದು ಸಾಮಾನ್ಯವಾದ ಎಲ್ಲೆ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಇದು ಸ್ವಲ್ಪ ವ್ಯತ್ಯಾಸವಾಗುವುದುಂಟು. ೧೪ನ್ನು ಮೀರಿದರೆ ಪ್ರಾಣಕ್ಕೇ ಅಪಾಯ.

ಈ ಸಮತೋಲವನ್ನು ಕಾಯುವವು ಕೊರಳಿನಲ್ಲಿರುವ ನಾಲ್ಕು ಚಿಕ್ಕ ನಿರ್ನಾಳ ಗ್ರಂಥಿಗಳು. ಒಂದೊಂದೂ ತೊಗರಿಬೇಳೆಯಷ್ಟು; ತೂಕ ಸುಮಾರು ೩೦ರಿಂದ ೫೦ ಮಿಲಿಗ್ರಾಂ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ತಗ್ಗಿದೊಡನೆ ಇವು ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಸ್ರವಿಸುತ್ತವೆ. ಪರೀಕ್ಷಾಪತ್ರಗಳಲ್ಲಿ ಪಿ.ಟಿ.ಎಚ್. ಎಂಬ ಮೂರಕ್ಷರಗಳಿಂದ ಸೂಚಿತವಾಗುವ ಈ ರಸವು ಮೂಳೆಯಿಂದ ಕ್ಯಾಲ್ಸಿಯಮನ್ನು ಬಿಡಿಸುತ್ತದೆ. ಮೂತ್ರದಲ್ಲಿ ಅದು ವ್ಯಯವಾಗದಂತೆ ತಡೆದು, ಅದರ ಬದಲಿಗೆ ಫಾಸ್ಫೇಟನ್ನು ಹೊರಗೆ ಹಾಕಿಸುತ್ತದೆ. ಮೂತ್ರಪಿಂಡದಲ್ಲಿ ಡಿ ಜೀವಸತ್ತ್ವವನ್ನು ಕ್ರಿಯಾಶೀಲವಾಗಿಸಿ, ಅದರ ಮೂಲಕ ಕರುಳು ಆಹಾರದಿಂದ ಹೆಚ್ಚು ಕ್ಯಾಲ್ಸಿಯಮನ್ನು ಹೀರುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಏರಿದೊಡನೆ ಸ್ರಾವ ನಿಲ್ಲುತ್ತದೆ. ರಕ್ತದಲ್ಲಿ ಈ ರಸದ ಅರ್ಧಾಯುಸ್ಸು ಕೆಲವೇ ನಿಮಿಷಗಳದಾದ್ದರಿಂದ ಗ್ರಂಥಿಯ ಆಜ್ಞೆ ಕ್ಷಣಕ್ಷಣಕ್ಕೂ ಬದಲಾಗಬಲ್ಲದು. ಗ್ರಂಥಿಯ ಕೋಶಗಳ ಮೇಲೆ ಕ್ಯಾಲ್ಸಿಯಮಿನ ಪ್ರಮಾಣವನ್ನು ಗ್ರಹಿಸುವ ಒಂದು ಗ್ರಾಹಕವಿದೆಯೆಂಬುದು ೧೯೯೩ರಲ್ಲಿ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಮತ್ತು ಅವರ ಸಂಗಡಿಗರ ಶೋಧನೆಯಿಂದ ಸಿದ್ಧವಾಯಿತು.

ಹೀಗೆ ಕ್ಯಾಲ್ಸಿಯಂ ಮತ್ತು ಪಿ.ಟಿ.ಎಚ್. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ. ಒಂದು ಏರಿದಾಗ ಇನ್ನೊಂದು ಇಳಿಯಬೇಕು. ಈ ನಿಯಮ ಎಲ್ಲಿ ಮುರಿದಿದೆಯೆಂದು ಕಂಡುಹಿಡಿಯುವುದೇ ಮುಂದೆ ಹೇಳಲಿರುವ ಪರೀಕ್ಷೆಯ ತಿರುಳು.

೨. ಹೆಸರಿನ ತೊಡಕು

ಥೈರಾಯ್ಡ್ ಎಂಬ ಗ್ರೀಕ್ ಮೂಲದ ಮಾತಿಗೆ ಗುರಾಣಿಯಂತಹುದು ಎಂದರ್ಥ. ಆದುದರಿಂದಲೇ ಕನ್ನಡದ ವಿಜ್ಞಾನಲೇಖಕರು ಅದನ್ನು ಗುರಾಣಿಕ ಗ್ರಂಥಿಯೆಂದು ಕರೆದರು. ಅದರ ಬೆನ್ನಿಗೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡುಗಳನ್ನು ಅದೇ ಜಾಡಿನಲ್ಲಿ ಉಪಗುರಾಣಿಕಗಳೆನ್ನಬಹುದು. ಆದರೆ ಗ್ರೀಕಿನ ಹೆಸರಾಗಲಿ ಕನ್ನಡದ ಹೆಸರಾಗಲಿ ಸೂಚಿಸುವುದು ಸ್ಥಾನಸಾಮೀಪ್ಯವನ್ನೇ ಹೊರತು ಕಾರ್ಯಸಂಬಂಧವನ್ನಲ್ಲ. ಗೋಡೆ ಒಂದೇ ಆದರೂ ಸಂಸಾರ ಬೇರೆ ಎಂಬಂತೆ ಇವುಗಳ ಬಾಳು. ಈ ನಾಮಸಾಮ್ಯದಿಂದ ನಿತ್ಯವ್ಯವಹಾರದಲ್ಲಿ ಒಂದು ಅನರ್ಥವುಂಟಾಗುತ್ತದೆ: ಥೈರಾಯ್ಡ್ ಪರೀಕ್ಷೆ ಸರಿಯಾಗಿದೆಯೆಂದು ತಿಳಿದವರು ಪ್ಯಾರಾಥೈರಾಯ್ಡೂ ಸರಿಯಾಗಿದೆಯೆಂದು ನಂಬುತ್ತಾರೆ. ಥೈರಾಯ್ಡಿಗಾಗಿ ಮಾಡುವ ಟಿ.ಎಸ್.ಎಚ್. ಪರೀಕ್ಷೆ ಉಪಗುರಾಣಿಕಗಳ ವಿಷಯದಲ್ಲಿ ಒಂದು ಮಾತನ್ನೂ ಹೇಳದು.

ಈ ಗ್ರಂಥಿಗಳು ಮೊದಲು ಕಂಡುಬಂದುದು ಮನುಷ್ಯನಲ್ಲಲ್ಲ, ಭಾರತದ ಒಂದು ಖಡ್ಗಮೃಗದಲ್ಲಿ. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘವು ೧೮೩೪ರಲ್ಲಿ ಕೊಂಡು ಸಾಕಿದ್ದ ಆ ಪ್ರಾಣಿ ೧೮೪೯ರಲ್ಲಿ ಸತ್ತಿತು. ಅದರ ದೇಹವನ್ನು ಛೇದಿಸಿ ಪರಿಶೀಲಿಸಿದ ರಿಚರ್ಡ್ ಓವೆನ್, ಥೈರಾಯ್ಡಿಗೆ ಅಂಟಿದ್ದ ಹಳದಿ ಬಣ್ಣದ ಸಣ್ಣ ಗ್ರಂಥಿಯೊಂದನ್ನು ಗುರುತಿಸಿದನು. ಮನುಷ್ಯರಲ್ಲಿ ಇವನ್ನು ಸ್ಪಷ್ಟವಾಗಿ ವರ್ಣಿಸಿ ಹೆಸರಿಟ್ಟವನು ಸ್ವೀಡನ್ನಿನ ಉಪ್ಸಾಲದ ಇವಾರ್ ಸಾಂಡ್‌ಸ್ಟ್ರೋಮ್. ೧೮೮೦ರಲ್ಲಿ ಅವನು ಪ್ರಕಟಿಸಿದ ಪ್ರಬಂಧವನ್ನು ಆ ಕಾಲದ ವಿದ್ವಾಂಸರು ಬಹುಮಟ್ಟಿಗೆ ಗಮನಿಸಲೇ ಇಲ್ಲ.

೩. ಕಾರಣವೋ ಪರಿಣಾಮವೋ?

ಗ್ರಂಥಿಗಳ ಇರವು ತಿಳಿದ ಮೇಲೆ ಅವುಗಳ ರೋಗದ ವಿಷಯದಲ್ಲಿ ಒಂದು ಕಠಿಣವಾದ ಪ್ರಶ್ನೆ ಎದ್ದಿತು. ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ ಎಂಬ ರೋಗಶಾಸ್ತ್ರಜ್ಞನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಮೂಳೆಗಳು ಮೆತ್ತಗಾಗಿ ಸತ್ತವರ ಕೊರಳಿನಲ್ಲಿ ಈ ಗ್ರಂಥಿಗಳು ಊದಿಕೊಂಡಿರುವುದನ್ನು ಕಂಡನು. ಮೂಳೆಯ ರೋಗವನ್ನು ಸರಿಪಡಿಸಲು ಗ್ರಂಥಿಗಳು ಹೆಣಗಿ ಬೆಳೆದಿವೆಯೆಂಬುದು ಅವನ ಅಭಿಪ್ರಾಯವಾಗಿತ್ತು. ಅಂದರೆ ಗ್ರಂಥಿಯ ಬೆಳವಣಿಗೆ ರೋಗದ ಪರಿಣಾಮವೇ ಹೊರತು ಕಾರಣವಲ್ಲ. ೧೯೧೫ರಲ್ಲಿ ಫ್ರೀಡ್ರಿಶ್ ಶ್ಲಾಗೆನ್‌ಹೌಫರ್ ಎಂಬವನು ಇದಕ್ಕೆ ವಿರುದ್ಧವಾದ ತರ್ಕವನ್ನು ಮುಂದಿಟ್ಟನು. ಪರಿಣಾಮವೇ ಆಗಿದ್ದರೆ ನಾಲ್ಕು ಗ್ರಂಥಿಗಳೂ ಬೆಳೆಯಬೇಕಷ್ಟೆ. ಒಂದೇ ಬೆಳೆದಿದ್ದರೆ ಅದೇ ಕಾರಣವಾಗಿರಬೇಕು, ಅದನ್ನು ತೆಗೆದುಹಾಕಬೇಕು ಎಂಬುದು ಅವನ ವಾದ.

ಈ ವಿವಾದ ಗ್ರಂಥಾಲಯದಲ್ಲಿ ತೀರ್ಮಾನವಾಗಲಿಲ್ಲ, ರೋಗಿಯ ಮಂಚದ ಬಳಿ ತೀರ್ಮಾನವಾಯಿತು. ಆಲ್ಬರ್ಟ್ ಯಾನೆ ವಿಯೆನ್ನಾದ ಟ್ರಾಂ ಗಾಡಿಯ ನೌಕರ. ಮೂಳೆಗಳು ಟೊಳ್ಳಾಗಿ, ತೊಡೆಯೆಲುಬು ಮುರಿದು, ನಡೆಯಲಾರದೆ ಆಸ್ಪತ್ರೆಗೆ ಬಂದ ಆತನಿಗೆ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಮೊದಲು ಎರ್ಡ್‌ಹೈಮನ ಮತದಂತೆಯೇ ಚಿಕಿತ್ಸೆ ಮಾಡಿದನು; ಗ್ರಂಥಿಯ ಸಾರವನ್ನು ಕೊಟ್ಟನು, ಅಪಘಾತದಲ್ಲಿ ಸತ್ತವನೊಬ್ಬನ ಗ್ರಂಥಿಗಳನ್ನು ಕಸಿಮಾಡಿದನು. ಗುಣ ಕಾಣಲಿಲ್ಲ. ಕೊನೆಗೆ ೧೯೨೫ರಲ್ಲಿ ಕೊರಳನ್ನು ತೆರೆದು ಬೆಳೆದಿದ್ದ ಒಂದು ಗ್ರಂಥಿಯನ್ನು ತೆಗೆದುಹಾಕಿದನು. ಮೂತ್ರದಲ್ಲಿ ಹರಿದುಹೋಗುತ್ತಿದ್ದ ಕ್ಯಾಲ್ಸಿಯಂ ತಗ್ಗಿತು, ಮೂಳೆಗಳು ಗಟ್ಟಿಯಾಗತೊಡಗಿದುವು, ಮಲಗಿದ್ದವನು ಎದ್ದು ನಡೆದನು. ಕೆಲವು ವರ್ಷಗಳ ಮೇಲೆ ರೋಗ ಮರುಕಳಿಸಿ ಆತನ ಅಂತ್ಯವಾಯಿತಾದರೂ, ಗ್ರಂಥಿಯೇ ರೋಗಕಾರಣವಾಗಬಲ್ಲದೆಂಬ ಮಾತು ಅಂದಿನಿಂದ ಸ್ಥಿರವಾಯಿತು.

ಅದೇ ಕಾಲದಲ್ಲಿ ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಇದೇ ರೋಗದಿಂದ ಏಳು ಅಂಗುಲದಷ್ಟು ಕುಗ್ಗಿಹೋದನು. ೧೯೨೬ರಿಂದ ಆರು ಬಾರಿ ಕೊರಳನ್ನು ಶೋಧಿಸಿದರೂ ಗ್ರಂಥಿ ಸಿಕ್ಕಲಿಲ್ಲ. ೧೯೩೨ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಎದೆಯ ಗೂಡಿನೊಳಗೆ ಸಿಕ್ಕಿತು. ಆದರೆ ಆ ವೇಳೆಗೆ ಮೂತ್ರಪಿಂಡಗಳು ಕೆಟ್ಟಿದ್ದುವು. ಕೆಲವು ವಾರಗಳಲ್ಲಿ ಕಲ್ಲಿನ ತೊಡಕಿನಿಂದಲೇ ಆತನು ತೀರಿಕೊಂಡನು. ರೋಗ ಯಾವುದೆಂದು ತಿಳಿದರೂ ತಡವಾಗಿ ಸಿಕ್ಕ ಪರಿಹಾರ ಜೀವವನ್ನು ಉಳಿಸಲಾರದೆಂಬುದಕ್ಕೆ ಮಾರ್ಟೆಲನ ಕಥೆ ನಿದರ್ಶನ.

ಗ್ರಂಥಿಯು ತಾನೇ ಕೆಟ್ಟಿದೆಯೋ, ಅಥವಾ ಬೇರೊಂದು ಕೇಡಿಗೆ ಉತ್ತರವಾಗಿ ದುಡಿಯುತ್ತಿದೆಯೋ ಎಂಬ ವಿಯೆನ್ನಾದ ಪ್ರಶ್ನೆಯೇ ಇಂದಿನ ಪರೀಕ್ಷೆಯ ಪ್ರಶ್ನೆಯೂ ಆಗಿದೆ. ವ್ಯತ್ಯಾಸವಿಷ್ಟೆ: ಅಂದು ಉತ್ತರಕ್ಕಾಗಿ ಕೊರಳನ್ನು ಕೊಯ್ಯಬೇಕಾಗಿತ್ತು, ಇಂದು ಎರಡು ಸಣ್ಣ ನಳಿಕೆಗಳಷ್ಟು ರಕ್ತ ಸಾಕು.

೪. ಅಳತೆಯ ಬೆಳವಣಿಗೆ

ರಕ್ತದ ಕ್ಯಾಲ್ಸಿಯಮನ್ನು ಆಸ್ಪತ್ರೆಗಳಲ್ಲಿ ಅಳೆಯುವುದಕ್ಕೆ ೧೯೨೧ರಲ್ಲಿ ಕ್ರೇಮರ್ ಮತ್ತು ಟಿಸ್ಡಾಲ್ ರೂಪಿಸಿದ ವಿಧಾನ ದಾರಿಮಾಡಿತು. ಕ್ಯಾಲ್ಸಿಯಮನ್ನು ಆಕ್ಸಲೇಟ್ ರೂಪದಲ್ಲಿ ಗಸಿಯಾಗಿಸಿ, ಪರ್ಮಾಂಗನೇಟ್ ದ್ರಾವಣದಿಂದ ಅದನ್ನು ಅಳೆಯುವ ಶ್ರಮದ ಕೆಲಸವದು. ಗ್ರಂಥಿಯ ರಸವನ್ನು ನೇರವಾಗಿ ಅಳೆಯುವ ಉಪಾಯವಿಲ್ಲದ ಆ ದಶಕಗಳಲ್ಲಿ ವೈದ್ಯರು ಬಳಸುದಾರಿಗಳನ್ನು ಹಿಡಿಯಬೇಕಾಯಿತು. ಮೂತ್ರಪಿಂಡವು ಫಾಸ್ಫೇಟನ್ನು ಎಷ್ಟು ಉಳಿಸಿಕೊಳ್ಳುತ್ತದೆಯೆಂದು ಲೆಕ್ಕ ಹಾಕುವುದು ಒಂದು ದಾರಿ. ಲಂಡನ್ನಿನ ಚಾರ್ಲ್ಸ್ ಡೆಂಟ್ ೧೯೫೬ರಲ್ಲಿ ವಿವರಿಸಿದ ಕಾರ್ಟಿಸೋನ್ ಪರೀಕ್ಷೆ ಇನ್ನೊಂದು. ಸುಮಾರು ಹತ್ತು ದಿನಗಳ ಕಾಲ ಆ ಔಷಧವನ್ನು ಕೊಟ್ಟಾಗ, ಡಿ ಜೀವಸತ್ತ್ವದ ಅತಿಸೇವನೆಯಿಂದಲೋ ಸಾರ್ಕಾಯ್ಡ್ ರೋಗದಿಂದಲೋ ಏರಿದ ಕ್ಯಾಲ್ಸಿಯಂ ಇಳಿಯುವುದು. ಪ್ಯಾರಾಥೈರಾಯ್ಡಿನಿಂದ ಏರಿದುದು ಸಾಮಾನ್ಯವಾಗಿ ಇಳಿಯದು.

೧೯೬೩ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಆಸ್ಪತ್ರೆಯಲ್ಲಿ ಸಾಲೊಮನ್ ಬರ್ಸನ್, ರೊಸಾಲಿನ್ ಯಾಲೊ ಮತ್ತು ಅವರ ಸಹೋದ್ಯೋಗಿಗಳು ವಿಕಿರಣಶೀಲ ಗುರುತು ಹಚ್ಚಿದ ಪ್ರತಿರಕ್ಷಾವಿಧಾನದಿಂದ ಈ ರಸವನ್ನೇ ಅಳೆದು ತೋರಿಸಿದರು. ಇಂತಹ ಅಳತೆಯ ವಿಧಾನಗಳಿಗಾಗಿ ಯಾಲೊ ಅವರಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬರ್ಸನ್ ೧೯೭೨ರಲ್ಲಿಯೇ ತೀರಿಕೊಂಡಿದ್ದರು. ಮೊದಲಿನ ಪರೀಕ್ಷೆಗಳು ಹಾರ್ಮೋನಿನ ಒಡೆದ ತುಂಡುಗಳನ್ನೂ ಎಣಿಸುತ್ತಿದ್ದುದರಿಂದ ಗೊಂದಲಕ್ಕೆ ಎಡೆಯಿತ್ತು. ೮೪ ಅಮೈನೊ ಆಮ್ಲಗಳ ಸರಪಣಿಯಾದ ಈ ರಸವನ್ನು ಎರಡೂ ತುದಿಗಳಲ್ಲಿ ಹಿಡಿದು ಅಳೆಯುವ ವಿಧಾನ ೧೯೮೦ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಮೇಲೆ ಈ ದೋಷ ಬಹುಮಟ್ಟಿಗೆ ತೊಲಗಿತು. ಒಂದು ಮಿಲಿಲೀಟರಿಗೆ ಸುಮಾರು ೧೫ರಿಂದ ೬೫ ಪಿಕೋಗ್ರಾಂ ಎಂಬುದು ಇಂದು ಸಾಮಾನ್ಯವಾಗಿ ಮುದ್ರಿತವಾಗುವ ಎಲ್ಲೆ. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷಕೋಟಿಯಲ್ಲಿ ಒಂದು ಭಾಗ.

೫. ಎರಡು ಅಂಕಿಗಳನ್ನು ಕೂಡಿಸಿ ಓದುವ ಕ್ರಮ

ಮೊದಲು ಕ್ಯಾಲ್ಸಿಯಂ ನಿಜವಾಗಿಯೂ ಏರಿದೆಯೇ ಎಂಬುದು ಖಚಿತವಾಗಬೇಕು. ರಕ್ತದ ಕ್ಯಾಲ್ಸಿಯಮಿನಲ್ಲಿ ಸುಮಾರು ಅರ್ಧಭಾಗ ಮಾತ್ರ ಸ್ವತಂತ್ರವಾಗಿದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಆಲ್ಬುಮಿನ್ ಎಂಬ ಸಸಾರಜನಕಕ್ಕೆ ಅಂಟಿಕೊಂಡಿದೆ. ಕೆಲಸ ಮಾಡುವುದು ಸ್ವತಂತ್ರವಾದ ಭಾಗವೇ. ಆಲ್ಬುಮಿನ್ ೪ಕ್ಕಿಂತ ಕಡಿಮೆಯಿದ್ದರೆ ಪ್ರತಿಯೊಂದು ಗ್ರಾಮಿನ ಕೊರತೆಗೂ ೦.೮ ಸೇರಿಸಿ ಓದುವ ರೂಢಿಯಿದೆ. ಕ್ಯಾಲ್ಸಿಯಂ ೧೦.೦ ಎಂದೂ ಆಲ್ಬುಮಿನ್ ೨.೫ ಎಂದೂ ಪತ್ರದಲ್ಲಿದ್ದರೆ, ತಿದ್ದಿದ ಮೊತ್ತ ೧೧.೨ ಆಗುತ್ತದೆ, ಮೇಲುನೋಟಕ್ಕೆ ಸರಿಯೆನಿಸಿದ ಅಂಕಿಯಲ್ಲಿ ಏರಿಕೆ ಅಡಗಿತ್ತೆಂದಾಯಿತು. ಸಾಧ್ಯವಿದ್ದಲ್ಲಿ ಸ್ವತಂತ್ರ ಕ್ಯಾಲ್ಸಿಯಮನ್ನೇ ಅಳೆಯುವುದು ಇದಕ್ಕಿಂತ ಉತ್ತಮ. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದು ರಕ್ತ ತೆಗೆದರೂ ಅಂಕಿ ಕೃತಕವಾಗಿ ಏರುವುದರಿಂದ, ಒಂದೇ ಪರೀಕ್ಷೆಯನ್ನು ನಂಬದೆ ಇನ್ನೊಮ್ಮೆ ನೋಡುವುದು ಕ್ರಮ.

ಏರಿಕೆ ಖಚಿತವಾದ ಮೇಲೆ, ಕ್ಯಾಲ್ಸಿಯಂ ಮತ್ತು ಪಿ.ಟಿ.ಎಚ್. ಎರಡನ್ನೂ ಒಂದೇ ಸಮಯದಲ್ಲಿ ತೆಗೆದ ರಕ್ತದಲ್ಲಿ ಅಳೆಯಬೇಕು. ಇಂದು ಕಂಡ ಕ್ಯಾಲ್ಸಿಯಮನ್ನು ಕಳೆದ ತಿಂಗಳಿನ ಪಿ.ಟಿ.ಎಚ್.ನೊಡನೆ ಹೋಲಿಸಿದರೆ ಉತ್ತರ ದಾರಿ ತಪ್ಪೀತು. ಈ ಜೋಡಿಯ ಓದು ಎರಡು ಕವಲಾಗಿ ಒಡೆಯುತ್ತದೆ. ಕ್ಯಾಲ್ಸಿಯಂ ಏರಿರುವಾಗ ಪಿ.ಟಿ.ಎಚ್. ಕುಗ್ಗಿದ್ದರೆ ಗ್ರಂಥಿ ತನ್ನ ಧರ್ಮವನ್ನು ಪಾಲಿಸುತ್ತಿದೆ, ದೋಷ ಬೇರೆಡೆಯಲ್ಲಿದೆ. ಪಿ.ಟಿ.ಎಚ್. ಕುಗ್ಗಿಲ್ಲದಿದ್ದರೆ ದೋಷ ಸಾಮಾನ್ಯವಾಗಿ ಗ್ರಂಥಿಯದೇ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಂದು ಪತ್ರದಲ್ಲಿ ಕ್ಯಾಲ್ಸಿಯಂ ೧೧.೮, ಪಿ.ಟಿ.ಎಚ್. ೪೮ ಎಂದಿದೆಯೆಂದು ಕಲ್ಪಿಸಿಕೊಳ್ಳೋಣ. ಯಂತ್ರವು ಮೊದಲನೆಯ ಅಂಕಿಗೆ ನಕ್ಷತ್ರದ ಗುರುತು ಹಾಕುತ್ತದೆ. ಎರಡನೆಯದು ೧೫ರಿಂದ ೬೫ರ ಎಲ್ಲೆಯೊಳಗಿರುವುದರಿಂದ ಅದಕ್ಕೆ ಯಾವ ಗುರುತೂ ಇಲ್ಲ. ಇದನ್ನು ಓದಿದವರು ಗ್ರಂಥಿ ಸರಿಯಾಗಿದೆಯೆಂದು ತೀರ್ಮಾನಿಸುವುದುಂಟು. ಇದು ದೊಡ್ಡ ಪ್ರಮಾದ. ಮುದ್ರಿತ ಎಲ್ಲೆಯು ಕ್ಯಾಲ್ಸಿಯಂ ಸಮವಾಗಿರುವ ಆರೋಗ್ಯವಂತರಿಗೆ ಹೇಳಿದುದು. ಕ್ಯಾಲ್ಸಿಯಂ ೧೧.೮ಕ್ಕೆ ಏರಿರುವಾಗ ಆರೋಗ್ಯವಾದ ಗ್ರಂಥಿ ಬಹುತೇಕ ಮೌನವಾಗಿರಬೇಕು. ಮನೆ ತುಂಬಿ ನೀರು ಹೊರಗೆ ಹರಿಯುತ್ತಿರುವಾಗ ನಲ್ಲಿ ಎಂದಿನ ಪ್ರಮಾಣದಲ್ಲಿಯೇ ಸುರಿಯುತ್ತಿದ್ದರೆ ಅದನ್ನು ಸರಿಯಾದ ನಲ್ಲಿಯೆಂದು ಯಾರೂ ಹೇಳರು. ಆದುದರಿಂದ ಈ ಸಂದರ್ಭದಲ್ಲಿ ೪೮ ಎಂಬುದು ರೋಗದ ಅಂಕಿಯೇ. ಗ್ರಂಥಿಮೂಲದ ರೋಗಿಗಳಲ್ಲಿ ಗಣನೀಯವಾದ ಒಂದು ಭಾಗದವರ ಪಿ.ಟಿ.ಎಚ್. ಹೀಗೆ ಎಲ್ಲೆಯೊಳಗೇ ಇರುತ್ತದೆ.

ಗ್ರಂಥಿಯು ತಾನಾಗಿಯೇ ಕೆಡುವ ರೋಗದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಗೆ ಒಂದೇ ಗ್ರಂಥಿಯಲ್ಲಿ ನಿರಪಾಯಕರವಾದ ಗಡ್ಡೆ ಬೆಳೆದಿರುತ್ತದೆ. ಉಳಿದವರಲ್ಲಿ ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಬೆಳೆದಿರುತ್ತವೆ. ಕ್ಯಾನ್ಸರ್ ಬಹು ವಿರಳ. ಈ ರೋಗವೂ, ಬೇರೆ ಅಂಗಗಳ ಕ್ಯಾನ್ಸರೂ ಸೇರಿ ಕ್ಯಾಲ್ಸಿಯಂ ಏರಿಕೆಯ ನೂರು ಪ್ರಕರಣಗಳಲ್ಲಿ ಸುಮಾರು ತೊಂಬತ್ತಕ್ಕೆ ಕಾರಣವೆಂದು ತಜ್ಞರು ಹೇಳುತ್ತಾರೆ.

ಆದರೂ ಪಿ.ಟಿ.ಎಚ್. ಕುಗ್ಗಿಲ್ಲವೆಂಬ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೆ ಹೊರಡಬಾರದು. ಮನೋರೋಗಗಳಲ್ಲಿ ಕೊಡುವ ಲಿಥಿಯಂ ಗ್ರಂಥಿಯನ್ನು ಕೆರಳಿಸುತ್ತದೆ. ರಕ್ತದ ಒತ್ತಡಕ್ಕೆ ಕೊಡುವ ಥಯಾಜೈಡ್ ಔಷಧಗಳು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗದಂತೆ ತಡೆಯುತ್ತವೆ. ಇವುಗಳ ಸೇವನೆಯುಂಟೇ ಎಂದು ವಿಚಾರಿಸಬೇಕು. ಎರಡನೆಯದಾಗಿ, ಕೆಲವು ಮನೆತನಗಳಲ್ಲಿ ಕ್ಯಾಲ್ಸಿಯಂ ಗ್ರಾಹಕವೇ ಹುಟ್ಟಿನಿಂದ ಮಂದವಾಗಿರುತ್ತದೆ. ಅಂತಹವರ ರಕ್ತದಲ್ಲಿ ಕ್ಯಾಲ್ಸಿಯಂ ಜೀವಮಾನವೆಲ್ಲ ಸ್ವಲ್ಪ ಹೆಚ್ಚಾಗಿದ್ದರೂ ಸಾಮಾನ್ಯವಾಗಿ ಅಪಾಯವಿಲ್ಲ. ಕೊರಳನ್ನು ಕೊಯ್ದರೂ ಪ್ರಯೋಜನವಿಲ್ಲ. ಇವರನ್ನು ಬೇರ್ಪಡಿಸುವುದು ಇಪ್ಪತ್ತನಾಲ್ಕು ಗಂಟೆಗಳ ಮೂತ್ರದ ಪರೀಕ್ಷೆ. ಮೂತ್ರದ ಕ್ಯಾಲ್ಸಿಯಮನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ, ಆ ಲಬ್ಧವನ್ನು ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರದ ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ರಕ್ತದ ಕ್ಯಾಲ್ಸಿಯಂ ೧೧.೫, ಕ್ರಿಯಾಟಿನಿನ್ ೦.೯, ದಿನದ ಮೂತ್ರದಲ್ಲಿ ಕ್ರಿಯಾಟಿನಿನ್ ೧೦೦೦ ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಮೂತ್ರದ ಕ್ಯಾಲ್ಸಿಯಂ ೩೨೦ ಮಿಲಿಗ್ರಾಂ ಇದ್ದರೆ ಭಾಗಲಬ್ಧ ೦.೦೨೫, ೬೦ ಇದ್ದರೆ ೦.೦೦೫ಕ್ಕಿಂತ ಕಡಿಮೆ. ೦.೦೧ಕ್ಕಿಂತ ಕಡಿಮೆಯಾದುದು ಮನೆತನದ ಸ್ಥಿತಿಯನ್ನೂ, ೦.೦೨ಕ್ಕಿಂತ ಹೆಚ್ಚಾದುದು ಗ್ರಂಥಿಯ ರೋಗವನ್ನೂ ಸೂಚಿಸುತ್ತದೆ. ನಡುವೆ ಬಿದ್ದ ಅಂಕಿಗಳಿಗೆ ಬಂಧುಗಳ ರಕ್ತಪರೀಕ್ಷೆಯೋ ಅನುವಂಶಿಕ ಪರೀಕ್ಷೆಯೋ ಬೇಕಾಗಬಹುದು.

೬. ಗ್ರಂಥಿ ಮೌನವಾಗಿರುವಾಗ

ಪಿ.ಟಿ.ಎಚ್. ಕುಗ್ಗಿದ್ದರೆ ಅನ್ವೇಷಣೆ ಮುಗಿಯಿತೆಂದಲ್ಲ, ಬೇರೆ ದಿಕ್ಕಿಗೆ ತಿರುಗಿತೆಂದರ್ಥ. ಮೊದಲು ನೆನೆಯಬೇಕಾದುದು ಕ್ಯಾನ್ಸರ್. ಕೆಲವು ಗಡ್ಡೆಗಳು ಪಿ.ಟಿ.ಎಚ್.ನ್ನು ಹೋಲುವ ಬೇರೊಂದು ರಸವನ್ನು ಸ್ರವಿಸಿ ಅದರ ಕಾರ್ಯವನ್ನು ಅನುಕರಿಸುತ್ತವೆ. ೧೯೮೭ರಲ್ಲಿ ಗುರುತಿಸಲಾದ ಈ ರಸವನ್ನು ಪಿ.ಟಿ.ಎಚ್. ಪರೀಕ್ಷೆ ಎಣಿಸುವುದಿಲ್ಲ. ಮಜ್ಜೆಯ ಕ್ಯಾನ್ಸರಾದ ಮೈಲೋಮ ಮೂಳೆಯನ್ನೇ ಕರಗಿಸುತ್ತದೆ.

ಎರಡನೆಯದು ಕ್ಷಯ. ಕ್ಷಯ, ಸಾರ್ಕಾಯ್ಡ್ ಮೊದಲಾದ ರೋಗಗಳಲ್ಲಿ ಉಂಟಾಗುವ ಗಂಟುಗಳ ಕೋಶಗಳು ಮೂತ್ರಪಿಂಡದ ಹಂಗಿಲ್ಲದೆ ಡಿ ಜೀವಸತ್ತ್ವವನ್ನು ಕ್ರಿಯಾಶೀಲಗೊಳಿಸುತ್ತವೆ. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು, ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸುವವರೂ ಆರೋಗ್ಯಧಾಮದಲ್ಲಿರುವವರಷ್ಟೇ ಗುಣಹೊಂದುವರೆಂದು ಜಗತ್ತಿಗೆ ತೋರಿಸಿಕೊಟ್ಟಿತು. ಅಂತಹ ನಗರದಲ್ಲಿ ಕಾರಣವಿಲ್ಲದೆ ಏರಿದ ಕ್ಯಾಲ್ಸಿಯಮಿನ ಹಿಂದೆ ಕ್ಷಯವನ್ನು ನೆನೆಯದಿರುವುದು ಸಲ್ಲದು.

ಮೂರನೆಯದು ಇಂದಿನ ಭಾರತದಲ್ಲಿ ವಿಶೇಷವಾಗಿ ಕಾಣುವ ಕಾರಣ. ಮೈಕೈ ನೋವೆಂದು ಆರು ಲಕ್ಷ ಮಾನಗಳ ಡಿ ಜೀವಸತ್ತ್ವದ ಚುಚ್ಚುಮದ್ದನ್ನು ಅಳತೆಯಿಲ್ಲದೆ ಮೇಲಿಂದ ಮೇಲೆ ಹಾಕಿಸಿಕೊಂಡು, ವಾಂತಿ, ಗೊಂದಲ, ಮೂತ್ರಪಿಂಡದ ಹಾನಿಗಳಿಂದ ಆಸ್ಪತ್ರೆಗೆ ಬಂದವರ ವರದಿಗಳು ದೇಶದ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಡಿ ಜೀವಸತ್ತ್ವ ಕೊಬ್ಬಿನಲ್ಲಿ ಕೂಡಿಕೊಳ್ಳುವುದರಿಂದ ನಿಲ್ಲಿಸಿದ ಮೇಲೂ ಅದರ ಕೇಡು ವಾರಗಟ್ಟಲೆ ಉಳಿಯುತ್ತದೆ. ಪಿ.ಟಿ.ಎಚ್. ಕುಗ್ಗಿ, ರಕ್ತದಲ್ಲಿ ಡಿ ಜೀವಸತ್ತ್ವದ ಪ್ರಮಾಣ ೧೫೦ ನ್ಯಾನೋಗ್ರಾಮನ್ನು ಮೀರಿದ್ದರೆ ಸಂಶಯಕ್ಕೆ ಎಡೆಯಿಲ್ಲ. ನಾಲ್ಕನೆಯದು ಸುಣ್ಣದ ಅತಿಸೇವನೆ. ಹೊಟ್ಟೆಯುರಿಗೆಂದು ಕ್ಷಾರವನ್ನೂ ಕ್ಯಾಲ್ಸಿಯಂ ಗುಳಿಗೆಗಳನ್ನೂ ಮಿತಿಮೀರಿ ತೆಗೆದುಕೊಳ್ಳುವವರಲ್ಲಿ ಇದು ಕಾಣುತ್ತದೆ. ಚಿಪ್ಪಿನ ಸುಣ್ಣ ಸೇರಿಸಿದ ಅಡಿಕೆಯನ್ನು ಅತಿಯಾಗಿ ಜಗಿಯುವವರಲ್ಲಿಯೂ ಇದು ಕಂಡುಬಂದುದು ತೈವಾನಿನಿಂದ ವರದಿಯಾಗಿದೆ. ಊಟದ ಮೇಲಿನ ಒಂದು ವೀಳ್ಯಕ್ಕೆ ಈ ಭಯ ಬೇಕಿಲ್ಲ. ದಿನವೆಲ್ಲ ಬಾಯಾಡಿಸುವವರ ಚರಿತ್ರೆಯನ್ನು ಕೇಳುವಾಗ ಸುಣ್ಣದ ಲೆಕ್ಕವನ್ನೂ ಕೇಳುವುದು ವಿವೇಕ.

೭. ದಾರಿ ತಪ್ಪಿಸುವ ಸಂಗತಿಗಳು

ಪಿ.ಟಿ.ಎಚ್. ಏರಿದೆಯೆಂಬ ಒಂದೇ ಮಾತು ರೋಗನಿರ್ಣಯವಲ್ಲ. ಡಿ ಜೀವಸತ್ತ್ವದ ಕೊರತೆಯಲ್ಲಿಯೂ ಮೂತ್ರಪಿಂಡದ ಸೋಲಿನಲ್ಲಿಯೂ ಗ್ರಂಥಿ ಕಷ್ಟಪಟ್ಟು ದುಡಿಯುತ್ತದೆ, ಆಗ ಪಿ.ಟಿ.ಎಚ್. ಏರಿದ್ದರೂ ಕ್ಯಾಲ್ಸಿಯಂ ಸಮವಾಗಿಯೋ ಕಡಿಮೆಯಾಗಿಯೋ ಇರುತ್ತದೆ. ಎರ್ಡ್‌ಹೈಮ್ ಕಂಡ ಊದಿದ ಗ್ರಂಥಿಗಳ ಅರ್ಥ ಇಲ್ಲಿ ನಿಜವಾಗುತ್ತದೆ. ಫ್ಲೋರೈಡ್ ವಿಷದ ಮೂಳೆರೋಗದಲ್ಲಿಯೂ ಇಂತಹ ಏರಿಕೆ ವರದಿಯಾಗಿದೆ. ಈ ರೋಗವನ್ನು ಮದರಾಸಿನ ಗಿಂಡಿಯಲ್ಲಿರುವ ಕಿಂಗ್ ಸಂಸ್ಥೆಯ ಶಾರ್ಟ್ ಮತ್ತು ಅವನ ಸಂಗಡಿಗರು ೧೯೩೭ರಲ್ಲಿ ವಿವರಿಸಿದರು. ಕೋಲಾರ, ತುಮಕೂರು, ರಾಯಚೂರು ಕಡೆಯ ಕೊಳವೆಬಾವಿಗಳ ನೀರನ್ನು ಬಲ್ಲವರಿಗೆ ಅದು ಅಪರಿಚಿತವಲ್ಲ.

ಡಿ ಜೀವಸತ್ತ್ವದ ಕೊರತೆ ಇನ್ನೊಂದು ರೀತಿಯಲ್ಲಿಯೂ ಕಣ್ಣುಕಟ್ಟು ಮಾಡುತ್ತದೆ. ಗ್ರಂಥಿಯಲ್ಲಿ ಗಡ್ಡೆ ಇದ್ದರೂ ಕರುಳು ಕ್ಯಾಲ್ಸಿಯಮನ್ನು ಹೀರದಿರುವುದರಿಂದ ರಕ್ತದ ಅಂಕಿ ಎಲ್ಲೆಯೊಳಗೆ ಉಳಿದು ರೋಗ ಮರೆಯಾಗುತ್ತದೆ. ಮೂಳೆಗಳ ಹಾನಿ ಮಾತ್ರ ಹೆಚ್ಚುತ್ತದೆ. ಚಂಡೀಗಢ, ಲಕ್ನೋ, ದೆಹಲಿ, ವೆಲ್ಲೂರು ಮುಂತಾದೆಡೆಗಳ ಆಸ್ಪತ್ರೆಗಳ ವರದಿಗಳಲ್ಲಿ ಕಾಣುವ ರೋಗಿಗಳಲ್ಲಿ ಹೆಚ್ಚಿನವರು ಮೂಳೆನೋವು, ಮುರಿತ, ಕಲ್ಲು ಮೊದಲಾದ ಲಕ್ಷಣಗಳೊಡನೆಯೇ ಬಂದವರು. ಪಾಶ್ಚಾತ್ಯ ದೇಶಗಳಲ್ಲಾದರೋ ೧೯೭೦ರ ದಶಕದಿಂದೀಚೆಗೆ ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೇ ಕ್ಯಾಲ್ಸಿಯಂ ಸೇರಿಕೊಂಡಿರುವುದರಿಂದ ಬಹುಮಂದಿಯಲ್ಲಿ ಯಾವ ಲಕ್ಷಣವೂ ತೋರುವ ಮೊದಲೇ ರೋಗ ಸಿಕ್ಕಿಬೀಳುತ್ತದೆ. ಈ ಅಂತರಕ್ಕೆ ಕಾರಣಗಳಲ್ಲಿ ಒಂದು ಡಿ ಜೀವಸತ್ತ್ವದ ಕೊರತೆಯಾದರೆ ಇನ್ನೊಂದು ಪರೀಕ್ಷೆಯ ವಿಳಂಬ.

ಕೂದಲು, ಉಗುರುಗಳಿಗೆಂದು ಸೇವಿಸುವ ಬಯೋಟಿನ್ ಗುಳಿಗೆಗಳು ಕೆಲವು ಯಂತ್ರಗಳಲ್ಲಿ ಪಿ.ಟಿ.ಎಚ್. ಅಂಕಿಯನ್ನು ಸುಳ್ಳಾಗಿ ತಗ್ಗಿಸುತ್ತವೆ. ರಕ್ತ ಕೊಡುವ ಮೊದಲು ಈ ಮಾತನ್ನು ವೈದ್ಯರಿಗೆ ತಿಳಿಸಬೇಕು.

೮. ನಿರ್ಣಯದ ಅನಂತರ

ಅಲ್ಟ್ರಾಸೌಂಡ್ ಮತ್ತು ಸೆಸ್ಟಾಮಿಬಿ ಚಿತ್ರಗಳು ಗಡ್ಡೆಯ ಸ್ಥಳವನ್ನು ತೋರಿಸಲು ಮಾತ್ರ. ರೋಗವುಂಟೆಂದು ನಿರ್ಣಯಿಸುವುದು ರಕ್ತ ಮತ್ತು ಮೂತ್ರಗಳ ಅಂಕಿಗಳು. ಈ ಕ್ರಮ ತಲೆಕೆಳಗಾಗಬಾರದು. ಚಿತ್ರದಲ್ಲಿ ಏನೂ ಕಾಣದಿದ್ದರೂ ರೋಗ ಇಲ್ಲವೆನ್ನುವಂತಿಲ್ಲ. ಗ್ರಂಥಿಯನ್ನು ತೆಗೆದು ಹತ್ತು ನಿಮಿಷಗಳಲ್ಲಿ ಪಿ.ಟಿ.ಎಚ್. ಅರ್ಧಕ್ಕಿಂತ ಕೆಳಗೆ ಇಳಿದರೆ, ಕೆಟ್ಟ ಗ್ರಂಥಿಯೇ ಹೊರಬಂದಿತೆಂಬುದಕ್ಕೆ ಶಸ್ತ್ರವೈದ್ಯನಿಗೆ ಅಲ್ಲಿಯೇ ಸಾಕ್ಷಿ ದೊರೆಯುತ್ತದೆ. ಮಾರ್ಟೆಲನ ಕಾಲದಲ್ಲಿ ಈ ಸಾಕ್ಷಿಗಳಲ್ಲಿ ಒಂದೂ ಇರಲಿಲ್ಲ.

ಪೆರಂಬೂರಿನವರಿಗೆ ಇದಕ್ಕಾಗಿ ದೂರ ಹೋಗಬೇಕಾದ ಪ್ರಮೇಯವಿಲ್ಲ. ೧೯೭೫ರಲ್ಲಿ ಭಾರತದ ಮೊದಲನೆಯ ಹೃದಯ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಡಾಕ್ಟರ್ ಕೆ. ಎಂ. ಚೆರಿಯನ್ ಅವರು ನಡೆಸಿದುದು ಅಲ್ಲಿಯ ರೈಲ್ವೆ ಆಸ್ಪತ್ರೆಯಲ್ಲಿಯೇ. ೧೮೩೫ರಲ್ಲಿ ಸ್ಥಾಪಿತವಾದ ಮದರಾಸು ವೈದ್ಯ ಕಾಲೇಜಿನಲ್ಲಿ ನಿರ್ನಾಳ ಗ್ರಂಥಿಗಳ ಶಸ್ತ್ರಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ಇಂತಹ ನಗರದಲ್ಲಿ ಕೊರತೆ ಬರುವುದು ಪರಿಣತಿಯಿಂದಲ್ಲ, ಕೇಳಬೇಕಾದ ಪ್ರಶ್ನೆಯನ್ನು ಕೇಳದಿರುವುದರಿಂದ. ಎರಡನೆಯ ಸಲ ಕಲ್ಲು ಕಟ್ಟಿದವರು, ಸಣ್ಣ ಪೆಟ್ಟಿಗೆ ಮೂಳೆ ಮುರಿದವರು, ಕಾರಣ ತಿಳಿಯದೆ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಗುರಿಯಾದವರು ತಮ್ಮ ರಕ್ತದ ಕ್ಯಾಲ್ಸಿಯಂ ಎಷ್ಟೆಂದು ಕೇಳಬೇಕು. ಅದು ಏರಿದ್ದರೆ ನೋವಿಗೆಂದು ಇನ್ನಷ್ಟು ಕ್ಯಾಲ್ಸಿಯಮನ್ನು ನುಂಗುವ ಮೊದಲು, ಅದೇ ದಿನದ ರಕ್ತದಲ್ಲಿ ಪಿ.ಟಿ.ಎಚ್. ಎಷ್ಟೆಂದು ಕೇಳಬೇಕು. ಮೊದಲನೆಯ ಅಂಕಿ ಕೇಡು ಇದೆಯೆಂದು ಹೇಳುತ್ತದೆ; ಅದು ಎಲ್ಲಿದೆಯೆಂದು ಹೇಳುವುದು ಎರಡನೆಯದು.